ಗಂಡ ಕುಡಿದಿದ್ದಾನಾ ಅಂತ ಹೆಂಡತಿಯನ್ನೇ ಯಾಕೆ ಕೇಳಬೇಕು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕಿ. ಕುಡಿತದಿಂದ ಲಿವರ್ ಕೆಟ್ಟು ಬಂದವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ, ಅವರಿಗಿಂತ ಅವರ ಮನೆಯವರ ಜೊತೆಗೇ ಮಾತು ಜಾಸ್ತಿ. ಹಿಂದಿನ ಕೆಲವು ವಾರಗಳ ಕುಡಿತವನ್ನು ತೋರಿಸುವ ಪೆತ್ ಅನ್ನುವ ಒಂದು ರಕ್ತ ಪರೀಕ್ಷೆಯನ್ನು ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ತನ್ನಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅದನ್ನು ಹೇಗೆ ಬಳಸಬಾರದು ಅನ್ನುವುದನ್ನೂ ಮೊದಲೇ ಆದೇಶದಲ್ಲಿ ಬರೆದಿಡಿ ಅಂತ ಕೇಳುವುದಿದೆ.

ಈಗ ವಾರ್ಡಿನಲ್ಲಿ ನಡೆಯುವುದು ಹೀಗೆ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ಕಾಲು ಊದಿಕೊಂಡು ಬಂದವನನ್ನು ವೈದ್ಯರು ಕೇಳುತ್ತಾರೆ, "ಕುಡಿಯೋದು ಬಿಟ್ಟಿದೀಯಾ?" "ಬಿಟ್ಟು ನಾಲ್ಕು ತಿಂಗಳಾಯ್ತು ಸಾರ್." ವೈದ್ಯರು ಈ ಉತ್ತರವನ್ನು ದಿನಕ್ಕೆ ಹತ್ತು ಸಲ ಕೇಳಿದವರು. ಮಂಚದ ಪಕ್ಕ ನಿಂತ ಹೆಂಡತಿಯ ಕಡೆ ತಿರುಗುತ್ತಾರೆ. "ಹೌದೇನಮ್ಮಾ?"

ಆ ಹೆಂಗಸು ಏನು ಹೇಳಬೇಕು ಸ್ವಾಮಿ? ಹೌದು ಅಂದರೆ ವೈದ್ಯರಿಗೆ ಸುಳ್ಳು ಹೇಳಿದ ಹಾಗೆ, ಚಿಕಿತ್ಸೆ ದಾರಿ ತಪ್ಪುತ್ತದೆ. ಇಲ್ಲ ಅಂದರೆ ಡಿಸ್ಚಾರ್ಜ್ ಆದ ಮೇಲೆ ಮನೆಯಲ್ಲಿ ಏನು ಕಾದಿದೆ ಅಂತ ಅವಳಿಗೆ ಮಾತ್ರ ಗೊತ್ತು. ಎಷ್ಟೋ ಜನ ಸುಮ್ನೆ ನೆಲ ನೋಡುತ್ತಾರೆ. ಆ ಮೌನವನ್ನೇ ನಾವು "ಇನ್ನೂ ಕುಡಿಯುತ್ತಿದ್ದಾನೆ" ಅಂತ ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತೇವೆ. ಹತ್ತಿರದಲ್ಲಿ ಅತ್ತೆ ಇದ್ದರೆ ಇನ್ನೊಂದು ಕಥೆ. "ನನ್ನ ಮಗ ಮುಟ್ಟಿಲ್ಲ, ಇವಳದ್ದೇ ಕಿರಿಕಿರಿ" ಅಂತ ಅವರು ಶುರು ಮಾಡಿದರೆ ವಾರ್ಡೇ ಪಂಚಾಯ್ತಿ ಕಟ್ಟೆ ಆಗುತ್ತದೆ.

ರೋಗಿ ಕುಡಿಯುತ್ತಿದ್ದಾನೋ ಇಲ್ಲವೋ ಅನ್ನುವುದು ಸಣ್ಣ ವಿಷಯ ಅಲ್ಲ. ಸಿರೋಸಿಸ್ ಆದವನು, ಅಂದರೆ ಲಿವರ್ ಗಾಯವಾಗಿ ಗಟ್ಟಿಯಾದವನು, ಪೂರ್ತಿ ಬಿಟ್ಟರೆ ಹೊಟ್ಟೆಯ ನೀರು ಕಡಿಮೆಯಾಗಿ, ಕಾಮಾಲೆ ಇಳಿದು, ವರ್ಷಗಟ್ಟಲೆ ಬದುಕಿದ್ದನ್ನು ಕಂಡಿದ್ದೇವೆ. ಕುಡಿಯುತ್ತಲೇ ಇದ್ದರೆ ಯಾವ ಔಷಧಿಯೂ ಹಿಡಿಯುವುದಿಲ್ಲ. ಹಾಗಾಗಿ ಇಡೀ ಚಿಕಿತ್ಸೆ ಈ ಒಂದು ಉತ್ತರದ ಮೇಲೆ ನಿಂತಿದೆ. ಆ ಉತ್ತರವನ್ನು ನಾವು ಅತ್ಯಂತ ಭಯದಲ್ಲಿರುವ ಮನುಷ್ಯಳ ಬಾಯಿಂದ ಹೊರಡಿಸಲು ನೋಡುತ್ತೇವೆ.

ನಮ್ಮ ಲ್ಯಾಬ್‌ನಲ್ಲಿ ಈಗ ಇರುವ ಪರೀಕ್ಷೆಗಳು ಸಾಲುವುದಿಲ್ಲವಾ ಅಂತ ನೀವು ಕೇಳಬಹುದು. ಎಲ್‌ಎಫ್‌ಟಿ ಅನ್ನುವ ಲಿವರ್‌ನ ರಕ್ತ ಪರೀಕ್ಷೆ ಎಲ್ಲ ಕಡೆ ಆಗುತ್ತದೆ. ಎಸ್‌ಜಿಒಟಿ, ಎಸ್‌ಜಿಪಿಟಿ, ಜಿಜಿಟಿ ಅಂದರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು. ಕುಡಿತದಿಂದ ಲಿವರ್ ಊದಿದವರಲ್ಲಿ ಎಸ್‌ಜಿಒಟಿ ಸಾಮಾನ್ಯವಾಗಿ ಎಸ್‌ಜಿಪಿಟಿಯ ಎರಡು ಪಟ್ಟಿಗಿಂತ ಹೆಚ್ಚಿರುತ್ತದೆ. ಆದರೆ ಸಿರೋಸಿಸ್ ಒಮ್ಮೆ ಆಯಿತು ಅಂದರೆ, ಕಾರಣ ಬೇರೆ ಏನೇ ಇದ್ದರೂ, ಎಸ್‌ಜಿಒಟಿ ಮೇಲಿರುವುದು ಮಾಮೂಲು. ಜಿಜಿಟಿ ಕುಡಿತಕ್ಕೆ ಏರುತ್ತದೆ, ನಿಜ. ಫ್ಯಾಟಿ ಲಿವರ್ ಇದ್ದರೂ ಏರುತ್ತದೆ, ಪಿತ್ತನಾಳ ಕಟ್ಟಿಕೊಂಡರೂ ಏರುತ್ತದೆ, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ನುಂಗುವವರಲ್ಲೂ ಏರುತ್ತದೆ. ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ ಇನ್ನೊಂದು. ಅದು ಬಿ12 ಕಡಿಮೆ ಇದ್ದರೂ ಹೆಚ್ಚುತ್ತದೆ. ಸೊಪ್ಪು ಸಾರು ಅನ್ನ ಬಿಟ್ಟು ಬೇರೇನೂ ತಿನ್ನದ ನಮ್ಮ ಕಡೆಯ ಸಸ್ಯಾಹಾರಿಗಳಲ್ಲಿ ಬಿ12 ಎಷ್ಟು ಜನಕ್ಕೆ ಸರಿ ಇರುತ್ತದೆ? ಮೇಲಾಗಿ ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಕುಡಿತ ಬಿಟ್ಟು ತಿಂಗಳುಗಳಾದರೂ ಎಂಸಿವಿ ಇಳಿಯದೆ ಅವನನ್ನು ಸುಳ್ಳುಗಾರನನ್ನಾಗಿ ಮಾಡುತ್ತಿರುತ್ತದೆ.

ಸಿಡಿಟಿ ಅಂತ ಒಂದು ಪರೀಕ್ಷೆ ಇದೆ. ಕೆಲವು ದೇಶಗಳಲ್ಲಿ ಬಹಳ ಕಾಲ ಅದೇ ಚಾಲ್ತಿಯಲ್ಲಿತ್ತು. ದಿನಾ ಜಾಸ್ತಿ ಕುಡಿಯುವವರನ್ನು ಅದು ಹಿಡಿಯುತ್ತದೆ. ಆದರೆ ಲಿವರ್ ತುಂಬಾ ಕೆಟ್ಟವರಲ್ಲಿ ಕುಡಿಯದಿದ್ದರೂ ಏರಿದಂತೆ ತೋರಿಸುವುದುಂಟು. ನಮಗೆ ಬೇಕಾಗಿರುವುದೇ ಲಿವರ್ ಕೆಟ್ಟವರಿಗೆ! ಮೂತ್ರದಲ್ಲಿ ನೋಡುವ ಇಟಿಜಿ ಒಳ್ಳೆಯ ಪರೀಕ್ಷೆ. ಆದರೆ ಮೂರ್ನಾಲ್ಕು ದಿನದ ಹಿಂದಿನದ್ದನ್ನು ಮಾತ್ರ ಹೇಳುತ್ತದೆ. ಓಪಿಡಿ ದಿನಾಂಕ ರೋಗಿಗೆ ಮೊದಲೇ ಗೊತ್ತಿರುತ್ತದೆ. ಅಷ್ಟು ದಿನ ತಡೆದುಕೊಂಡರೆ ಆಯಿತು. ಊದಿಸಿ ನೋಡುವ ಯಂತ್ರದ ಕಥೆ ಗಂಟೆಗಳ ಲೆಕ್ಕದ್ದು, ಅದನ್ನು ಟ್ರಾಫಿಕ್ ಪೊಲೀಸರಿಗೇ ಬಿಡೋಣ.

ನಾನು ಕೇಳುತ್ತಿರುವ ಪರೀಕ್ಷೆಯ ಹೆಸರು ಫಾಸ್ಫಟೈಡಿಲ್ ಎಥನಾಲ್. ಚಿಕ್ಕದಾಗಿ ಪೆತ್ ಅನ್ನುತ್ತಾರೆ. ಸ್ವೀಡನ್‌ನ ಸಂಶೋಧಕರು 1983ರಲ್ಲಿ ಮದ್ಯ ಕೊಟ್ಟ ಇಲಿಗಳ ಅಂಗಾಂಶದಲ್ಲಿ ಈ ವಿಚಿತ್ರ ಕೊಬ್ಬಿನ ಅಂಶ ಕಂಡರು. ರಕ್ತದಲ್ಲಿ ಮದ್ಯಸಾರ ಓಡಾಡುವಾಗ, ಕೆಂಪು ರಕ್ತಕಣದ ಹೊರಪದರದ ಕೊಬ್ಬಿನ ಜೊತೆ ಅದು ಸೇರಿಕೊಂಡು ಪೆತ್ ಆಗುತ್ತದೆ. ಮದ್ಯ ಇಲ್ಲದೆ ಇದು ತಯಾರಾಗುವುದೇ ಇಲ್ಲ. ಇದರ ದೊಡ್ಡ ಗುಣ ಇದೇ. ಜಿಜಿಟಿಯ ಹಾಗೆ ಲಿವರ್ ಪಟ್ಟ ಪಾಡನ್ನು ನೋಡಿ ಕುಡಿತವನ್ನು ಊಹಿಸುವ ಪರೀಕ್ಷೆ ಇದಲ್ಲ. ಕುಡಿದದ್ದರಲ್ಲೇ ಒಂದು ಚೂರು ರಕ್ತಕಣಕ್ಕೆ ಅಂಟಿ ಉಳಿದಿರುತ್ತದೆ, ಅದನ್ನು ಅಳೆಯುತ್ತಾರೆ. ಹಾಗಾಗಿ ಲಿವರ್ ಎಷ್ಟು ಕೆಟ್ಟಿದ್ದರೂ ಪೆತ್ ಲೆಕ್ಕ ಅಷ್ಟಾಗಿ ತಪ್ಪುವುದಿಲ್ಲ.

ಕುಡಿಯುವುದು ನಿಲ್ಲಿಸಿದ ಮೇಲೆ ಇದು ನಿಧಾನವಾಗಿ ಇಳಿಯುತ್ತದೆ. ಅರ್ಧಕ್ಕೆ ಬರಲು ಸಾಮಾನ್ಯವಾಗಿ 4ರಿಂದ 10 ದಿನ ಬೇಕು. ಜಾಸ್ತಿ ಕುಡಿಯುತ್ತಿದ್ದವರಲ್ಲಿ ಮೂರು ನಾಲ್ಕು ವಾರದ ಹಿಂದಿನ ಕುಡಿತವೂ ಕಾಣುತ್ತದೆ. 2022ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಹೆಸರಿನಲ್ಲಿ ತಜ್ಞರು ಒಂದು ಒಮ್ಮತಕ್ಕೆ ಬಂದರು. ಒಂದು ಮಿಲಿಲೀಟರ್ ರಕ್ತದಲ್ಲಿ ಪೆತ್ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ಕುಡಿದಿಲ್ಲ ಅಥವಾ ಬಹಳ ಕಡಿಮೆ ಕುಡಿದಿದ್ದಾರೆ ಅಂತ. 200 ದಾಟಿದರೆ ವಾರಗಟ್ಟಲೆ ದಿನಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರ ಒಳಗೆ ಹೋಗಿರುವ ಸಾಧ್ಯತೆ ಬಲವಾಗಿದೆ ಅಂತ.

60 ಗ್ರಾಂ ಅಂದರೆ ಎಷ್ಟು? ನಮ್ಮ ವಿಸ್ಕಿ, ರಮ್, ಬ್ರಾಂದಿ ಎಲ್ಲ ಶೇ. 42.8ರ ಲೆಕ್ಕದವು. 30 ಎಂಎಲ್‌ನಲ್ಲಿ ಸುಮಾರು 10 ಗ್ರಾಂ ಮದ್ಯಸಾರ. ಒಂದು ನೈಂಟಿ ಅಂದರೆ 30 ಗ್ರಾಂ. ಒಂದು ಕ್ವಾರ್ಟರ್ ಅಂದರೆ 60 ಗ್ರಾಂ. ಸಂಜೆಗೆ ಒಂದು ಕ್ವಾರ್ಟರ್ ಹಾಕಿ ಮನೆಗೆ ಬರುವವನನ್ನು ಊರಲ್ಲಿ ಯಾರೂ ಕುಡುಕ ಅನ್ನುವುದಿಲ್ಲ. "ಲಿಮಿಟ್ಟಲ್ಲಿ ಇದ್ದಾನೆ" ಅನ್ನುತ್ತಾರೆ. ಅಂಥವನ ರಕ್ತ ಪರೀಕ್ಷೆ ಮಾಡಿದರೆ ಅವನು 200ರ ಆಚೆ ಇರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ಲೆಕ್ಕ ಹೇಳಿಬಿಡುತ್ತೇನೆ. ಫ್ಯಾಟಿ ಲಿವರ್‌ಗೆ 2023ರಲ್ಲಿ ಜಗತ್ತಿನ ಲಿವರ್ ತಜ್ಞರು ಹೊಸ ವಿಂಗಡಣೆ ಮಾಡಿದರು. ಅದರಲ್ಲಿ ಶುಗರ್, ಬೊಜ್ಜಿನ ಜೊತೆಗೆ ಕುಡಿತವೂ ಸೇರಿ ಲಿವರ್ ಕೆಡುತ್ತಿರುವ ಒಂದು ಗುಂಪು ಇದೆ. ಗಂಡಸರಲ್ಲಿ ಆ ಗುಂಪು ಶುರುವಾಗುವುದು ವಾರಕ್ಕೆ 210 ಗ್ರಾಂನಿಂದ. ದಿನಕ್ಕೊಂದು ನೈಂಟಿ, ಏಳು ದಿನ. ಅಷ್ಟೇ. ಹೆಂಗಸರಿಗೆ ಇನ್ನೂ ಕಡಿಮೆ, 140 ಗ್ರಾಂ. ಶುಗರ್ ಇರುವ, ಹೊಟ್ಟೆ ಬಂದಿರುವ, ದಿನಾ ಒಂದು ಟೆಟ್ರಾ ಪ್ಯಾಕ್ ಮುಗಿಸುವ ಗಂಡಸರು ನಮ್ಮ ಓಪಿಡಿಯಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ಅವರ ಚೀಟಿಯಲ್ಲಿ ಬರೀ "ಫ್ಯಾಟಿ ಲಿವರ್, ಎಣ್ಣೆ ಪದಾರ್ಥ ಕಡಿಮೆ ಮಾಡಿ" ಅಂತ ಇರುತ್ತದೆ. ಯಾವ ಎಣ್ಣೆ ಅಂತ ಅವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಹೆಂಗಸರ ವಿಷಯ ಬಂತು. ಕಾಫಿ ತೋಟದ ಲೈನ್ ಮನೆಗಳಲ್ಲಿ, ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ಮೈಕೈ ನೋವಿಗೆ ಅಂತ ಕುಡಿಯುವ ಹೆಂಗಸರಿದ್ದಾರೆ. ಅಷ್ಟೇ ಮದ್ಯಕ್ಕೆ ಅವರ ಲಿವರ್ ಗಂಡಸರಿಗಿಂತ ಬೇಗ ಕೆಡುತ್ತದೆ. ಕಾಮಾಲೆ ಅಂತ ಬಂದರೆ ಅವರನ್ನು ಕುಡಿತದ ಬಗ್ಗೆ ಯಾರೂ ಕೇಳುವುದೇ ಇಲ್ಲ. ಕೇಳಿದರೆ ಮರ್ಯಾದೆ ಪ್ರಶ್ನೆ. ಕಿರುನೆಲ್ಲಿ ಅರೆದು ಕುಡಿದು, ನಾಟಿ ಔಷಧಿ ಮಾಡಿಸಿ, ಕೊನೆಗೆ ರಕ್ತ ವಾಂತಿಯಾದಾಗ ಬರುತ್ತಾರೆ.

ಕುಡಿದದ್ದು ಕೊಡಗಿನ ಮನೆಯಲ್ಲಿ ಮಾಡಿದ ವೈನೋ, ಕರಾವಳಿಯ ಶೇಂದಿಯೋ, ಬಾರಿನ ರಮ್ಮೋ, ಪೆತ್‌ಗೆ ಎಲ್ಲ ಒಂದೇ. "ವೈನ್ ಕುಡಿತ ಅಲ್ಲ ಮೇಡಂ" ಅನ್ನುವವರ ಜೊತೆ ನಾನು ಇನ್ನು ವಾದ ಮಾಡಬೇಕಾಗಿಲ್ಲ. ಆದರೆ ರಾಯಚೂರು ಕಡೆ ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್ ಅನ್ನುವ ಮತ್ತು ಬರಿಸುವ ರಾಸಾಯನಿಕ) ಬೆರೆಸಿದ ಕಲಬೆರಕೆ ಸೇಂದಿಯ ಚಟ ಇದೆಯಲ್ಲ, ಆ ಪೌಡರ್ ಮದ್ಯಸಾರ ಅಲ್ಲ. ಅದು ಈ ಪರೀಕ್ಷೆಗೆ ಕಾಣುವುದಿಲ್ಲ. ಅಲ್ಲಿನ ವೈದ್ಯರು ಬರೀ ಪೆತ್ ನಂಬಿ ಕೂತರೆ ಮೋಸ ಹೋಗುತ್ತಾರೆ.

ಈ ಪರೀಕ್ಷೆಯ ಮಿತಿಗಳನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ನಾಳೆ ಯಾರೋ ಒಂದು ರಿಪೋರ್ಟ್ ಹಿಡಿದು ಒಬ್ಬ ರೋಗಿಯನ್ನು ಮಂಚದಿಂದ ಇಳಿಸಬಾರದು.

ರಕ್ತ ವಾಂತಿಯಾಗಿ ಬಂದ ಸಿರೋಸಿಸ್ ರೋಗಿಗೆ ಎರಡು ಮೂರು ಬಾಟಲಿ ರಕ್ತ ಏರಿಸುತ್ತೇವೆ. ದಾನಿಗಳಲ್ಲಿ ಯಾರಾದರೂ ಕುಡಿಯುವವರಿದ್ದರೆ ಅವರ ಕೆಂಪು ರಕ್ತಕಣದ ಜೊತೆ ಅವರ ಪೆತ್ ಕೂಡ ರೋಗಿಯ ಮೈಗೆ ಹೋಗುತ್ತದೆ. ಆಮೇಲೆ ಪರೀಕ್ಷೆ ಮಾಡಿದರೆ ದಾನಿ ಕುಡಿದದ್ದು ರೋಗಿಯ ತಲೆಗೆ ಬರುತ್ತದೆ. ರಕ್ತ ಏರಿಸುವ ಮೊದಲೇ ಮಾದರಿ ತೆಗೆಯಬೇಕು, ಇಲ್ಲವಾದರೆ ಕೆಲವು ವಾರ ಕಾಯಬೇಕು. ಇದು ಮಾರ್ಗಸೂಚಿಯಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕು. ನಮ್ಮ ರೋಗಿಗಳಲ್ಲಿ ರಕ್ತ ಏರಿಸಿಕೊಂಡವರು ಬಹಳ.

ಎರಡನೆಯದು, ಅರಿಷ್ಟ ಮತ್ತು ಆಸವಗಳು. ಆಯುರ್ವೇದದ ಈ ಔಷಧಿಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಶೇ. 5ರಿಂದ 12ರವರೆಗೆ. ಬಾಟಲಿಯ ಮೇಲೇ ಬರೆದಿರುತ್ತಾರೆ. ನಿಶ್ಶಕ್ತಿಗೆ ಅಂತ ದಿನಾ ಎರಡು ಹೊತ್ತು ಕುಡಿಯುವ ರೋಗಿಗೆ ತಾನು ಮದ್ಯ ಕುಡಿಯುತ್ತಿದ್ದೇನೆ ಅನ್ನುವ ಅರಿವೇ ಇರುವುದಿಲ್ಲ. ಪೆತ್ ಅಂಕೆ ಸ್ವಲ್ಪ ಮೇಲಿದ್ದರೆ, ಬೈಯುವ ಮೊದಲು ಚೀಲದಲ್ಲಿ ಏನೇನು ಬಾಟಲಿ ಇದೆ ಅಂತ ನೋಡಬೇಕು. ಹೇಗಿದ್ದರೂ ಲಿವರ್ ಕೆಟ್ಟವರಿಗೆ ಅದು ಬೇಡ, ಹಾಗಾಗಿ ಈ ವಿಚಾರಣೆ ದಂಡ ಅಲ್ಲ.

ಮೂರನೆಯದು ನಾವೆಲ್ಲ ಎಡವುವ ಜಾಗ. ಪೆತ್ 300 ಬಂತು ಅಂದರೆ ದಿನಕ್ಕೆ ಇಷ್ಟೇ ಕ್ವಾರ್ಟರ್ ಅಂತ ತಿರುಗಿ ಲೆಕ್ಕ ಹಾಕಲು ಆಗುವುದಿಲ್ಲ. ಒಂದೇ ಅಳತೆ ಕುಡಿದ ಇಬ್ಬರಲ್ಲಿ ಅಂಕೆ ಬೇರೆ ಬೇರೆ ಬರುತ್ತದೆ. ಒಂದು ಸಲದ ಅಂಕೆಗಿಂತ ಅದೇ ಮನುಷ್ಯನ ಹಿಂದಿನ ಅಂಕೆ, ಈಗಿನ ಅಂಕೆ ಮುಖ್ಯ. ಇದಕ್ಕೆ ನಮ್ಮ ಅಯ್ಯಪ್ಪ ಮಾಲೆಯ ಉದಾಹರಣೆ ಕೊಡುತ್ತೇನೆ. ನವೆಂಬರ್‌ನಲ್ಲಿ ಮಾಲೆ ಹಾಕಿ 41 ದಿನವೋ 48 ದಿನವೋ ಹನಿ ಮುಟ್ಟದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಮಾಲೆ ಹಾಕುವ ದಿನ ಒಬ್ಬನ ಪೆತ್ 800 ಇತ್ತು ಅಂತಿಟ್ಟುಕೊಳ್ಳಿ. ವಾರಕ್ಕೆ ಅರ್ಧ ಅಂತ ಲೆಕ್ಕ ಹಿಡಿದರೆ 400, 200, 100, ನಾಲ್ಕನೇ ವಾರಕ್ಕೆ 50. ಶಬರಿಮಲೆಯಿಂದ ಬರುವ ಹೊತ್ತಿಗೆ 20ರ ಒಳಗೆ. ಆ ದಿನ ಒಂದೇ ಪರೀಕ್ಷೆ ಮಾಡಿದರೆ ಇವನು ಕುಡಿಯದವನು ಅಂತ ಬರುತ್ತದೆ. ಮಾಲೆ ತೆಗೆದ ಎರಡು ವಾರಕ್ಕೆ ಮಾಡಿದರೆ ಬೇರೆ ಕಥೆ. ಅದೇ, ಮಾಲೆ ಹಾಕಿದ ಎರಡನೇ ವಾರದಲ್ಲಿ ಮಾಡಿದರೆ 200 ತೋರಿಸುತ್ತದೆ. ನಿಜವಾಗಿಯೂ ಬಿಟ್ಟವನನ್ನು ನಾವು ಸುಳ್ಳುಗಾರ ಅಂದುಬಿಡುತ್ತೇವೆ. ತಿಂಗಳಿಗೊಮ್ಮೆಯಾದರೂ ಮಾಡಿ, ಅಂಕೆ ಇಳಿಯುತ್ತಿದೆಯಾ ಏರುತ್ತಿದೆಯಾ ಅಂತ ನೋಡಿದರೆ ಮಾತ್ರ ಇದರಿಂದ ಪ್ರಯೋಜನ. (ಮಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಾಣಿಸಿ ಜೀವಕ್ಕೇ ಅಪಾಯ. ಭಕ್ತಿ ಇರಲಿ, ಮೊದಲು ವೈದ್ಯರನ್ನು ನೋಡಲಿ.)

ಈಗ ಮುಖ್ಯ ವಿಷಯ. ಪರೀಕ್ಷೆಯನ್ನು ರೋಗಿಗೆ ಹೇಳದೆ ಮಾಡಬಾರದು.

ಹೇಗೂ ರಕ್ತ ತೆಗೆಯುತ್ತೇವೆ, ಅದರಲ್ಲೇ ಇದನ್ನೂ ಕಳಿಸಿದರಾಯಿತು, ಸಿಕ್ಕಿಬೀಳಲಿ ಅನ್ನುವ ಮಾತು ವೈದ್ಯರ ಬಾಯಲ್ಲೇ ಕೇಳಿದ್ದೇನೆ. ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ "ಗೊತ್ತಿಲ್ಲದಂತೆ ಕುಡಿತ ಬಿಡಿಸಿ" ಅಂತ ಪುಡಿ ಮಾರುವವರ ಜಾಹೀರಾತು ಇರುತ್ತದಲ್ಲ, ಆ ಯೋಚನೆಗೂ ಇದಕ್ಕೂ ಏನು ವ್ಯತ್ಯಾಸ? ಕುಡಿತದ ಚಟ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಒಳಗೆ ಬರುತ್ತದೆ. ಒಪ್ಪಿಗೆ ಪಡೆಯುವುದು, ಗುಟ್ಟು ಕಾಪಾಡುವುದು ಆ ಕಾಯ್ದೆಯ ಮಾತು, ನನ್ನ ಉಪಕಾರದ ಮಾತಲ್ಲ. ಅಮೆರಿಕದ ಲಿವರ್ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗದರ್ಶನದಲ್ಲೂ ಇಂಥ ಪರೀಕ್ಷೆಗಳನ್ನು ರೋಗ ಪತ್ತೆಗೆ, ಚೇತರಿಕೆಗೆ ನೆರವಾಗಿ ಬಳಸಿ, ಅದೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ ಅಂತ ಇದೆ.

ಇದರಲ್ಲಿ ಬರೀ ನೀತಿ ಅಲ್ಲ, ಕೆಲಸದ ಲೆಕ್ಕಾಚಾರವೂ ಇದೆ. ಮುಂದಿನ ತಿಂಗಳು ಈ ಪರೀಕ್ಷೆ ಇದೆ ಅಂತ ಮೊದಲೇ ಹೇಳಿದರೆ ರೋಗಿ ತಾನಾಗಿ ಬಾಯಿ ಬಿಡುತ್ತಾನೆ. "ಮೇಡಂ, ಹೋದ ವಾರ ತಿಥಿ ಊಟಕ್ಕೆ ಹೋಗಿದ್ದೆ, ಸ್ವಲ್ಪ ಆಯ್ತು" ಅನ್ನುತ್ತಾನೆ. ಆ ಒಂದು ವಾಕ್ಯದಿಂದ ನನ್ನ ಕೆಲಸ ಶುರುವಾಗುತ್ತದೆ. ಯಾರ ಜೊತೆ, ಯಾವ ಹೊತ್ತಲ್ಲಿ, ಕೂಲಿ ಸಿಕ್ಕ ದಿನವಾ, ಜಗಳ ಆದ ದಿನವಾ ಅಂತ ಕೇಳುತ್ತಾ ಹೋಗಬಹುದು. ಗುಟ್ಟಾಗಿ ಪರೀಕ್ಷೆ ಮಾಡಿ ಹಿಡಿದರೆ ಅವನು ಮುಂದಿನ ತಿಂಗಳು ಬರುವುದಿಲ್ಲ. ಅಷ್ಟೇ ಆಗುವುದು.

ಇನ್ನೊಂದು ಕಡೆಯಿಂದಲೂ ಯೋಚಿಸಿ. ನಿಜವಾಗಿ ಬಿಟ್ಟವರನ್ನು ಯಾರೂ ನಂಬುವುದಿಲ್ಲ. ಒಮ್ಮೆ ಕುಡುಕ ಅಂತ ಹೆಸರು ಬಂದರೆ, ನಡೆಯುವಾಗ ಕಾಲು ತಡವರಿಸಿದರೂ ಎಣ್ಣೆ ಹಾಕಿದ್ದಾನೆ ಅನ್ನುತ್ತಾರೆ. ಲಿವರ್ ಕೆಟ್ಟಾಗ ರಕ್ತದಲ್ಲಿ ಕಲ್ಮಶ ಸೇರಿ ತಲೆಗೆ ಮಂಕು ಹಿಡಿಯುವುದುಂಟು. ಮಾತು ತೊದಲುತ್ತದೆ, ಹಗಲು ನಿದ್ದೆ, ರಾತ್ರಿ ಎಚ್ಚರ. ಅದನ್ನು ನೋಡಿ ಮನೆಯವರೇ "ಮತ್ತೆ ಶುರು ಮಾಡಿದ" ಅಂತ ಆಸ್ಪತ್ರೆಗೆ ತರದೆ ಬಿಟ್ಟದ್ದಿದೆ. ಅಂಥವನ ಕೈಗೆ 20ರ ಒಳಗಿನ ಒಂದು ರಿಪೋರ್ಟ್ ಕೊಟ್ಟರೆ ಅವನು ಅದನ್ನು ಜೇಬಲ್ಲಿಟ್ಟುಕೊಂಡು ಓಡಾಡುತ್ತಾನೆ.

ರಿಪೋರ್ಟ್ ಯಾರ ಕೈಗೆ ಹೋಗಬೇಕು ಅನ್ನುವುದನ್ನೂ ಈಗಲೇ ಬರೆದಿಡಬೇಕು. ಮೊದಲು ರೋಗಿಗೆ. ಅವನು ಒಪ್ಪಿದರೆ ಮನೆಯವರಿಗೆ. ಕೆಲಸ ಕೊಟ್ಟವರಿಗೆ ಬೇಡ, ವಿಮಾ ಕಂಪನಿಗೆ ಬೇಡ. ಖಾಸಗಿ ಆರೋಗ್ಯ ವಿಮೆಗಳಲ್ಲಿ ಮದ್ಯದ ಚಟಕ್ಕೆ ಸಂಬಂಧಿಸಿದ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಇರುತ್ತದೆ. ಒಂದು ಅಂಕೆ ಆ ಫೈಲಿಗೆ ಸೇರಿದರೆ ಇಡೀ ಸಂಸಾರದ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ಇಂಥದ್ದು ಆಗಬಾರದು. ಪೆತ್ ಹೆಚ್ಚಿದೆ ಅಂತ ಹೊಟ್ಟೆಯ ನೀರು ತೆಗೆಯುವುದಾಗಲೀ, ರಕ್ತ ಏರಿಸುವುದಾಗಲೀ, ಎಂಡೋಸ್ಕೋಪಿಯಾಗಲೀ, ಐಸಿಯು ಬೆಡ್ ಆಗಲೀ ನಿಲ್ಲಬಾರದು ಅಂತ ಆದೇಶದಲ್ಲಿ ಒಂದು ಸಾಲು ಬೇಕು. ಶುಗರ್ ಜಾಸ್ತಿ ಆಯಿತು ಅಂತ ಯಾರಿಗೂ ಇನ್ಸುಲಿನ್ ನಿಲ್ಲಿಸುವುದಿಲ್ಲ ಅಲ್ವಾ?

ಲಿವರ್ ಕಸಿಯ ವಿಷಯ ಬೇರೆ, ಅಲ್ಲಿ ಲೆಕ್ಕ ಬಿಗಿಯಾಗಿರುವುದು ನ್ಯಾಯವೇ. ಸತ್ತವರಿಂದ ಬರುವ ಲಿವರ್‌ಗೆ ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯಲ್ಲಿ ಹೆಸರು ಬರೆಸಿ ಕಾಯುವವರು ಬಹಳ, ಸಿಗುವುದು ಕಡಿಮೆ. ಆರು ತಿಂಗಳು ಕುಡಿಯದೆ ಇರಬೇಕು ಅನ್ನುವ ನಿಯಮ ಬಹಳ ಕಡೆ ನಡೆದು ಬಂದಿದೆ. ಆದರೆ ಫ್ರಾನ್ಸ್ ಮತ್ತು ಬೆಲ್ಜಿಯಂನ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಡಿತದಿಂದ ಲಿವರ್ ಊದಿ, ಔಷಧಿಗೆ ಬಗ್ಗದ ಉಗ್ರ ಸ್ಥಿತಿಯಲ್ಲಿದ್ದ 26 ಜನರನ್ನು ಬಹಳ ಎಚ್ಚರದಿಂದ ಆರಿಸಿ, ಆರು ತಿಂಗಳು ಕಾಯಿಸದೆ ಕಸಿ ಮಾಡಿದರು. ಆರು ತಿಂಗಳ ನಂತರ ಬದುಕಿದ್ದವರು ಶೇ. 77. ಕಸಿಯಾಗದ ಅಂಥದ್ದೇ ರೋಗಿಗಳಲ್ಲಿ ಶೇ. 23. ಆರು ತಿಂಗಳು ಕಾಯಿ ಅನ್ನುವುದು ಕೆಲವರಿಗೆ ಸಾಯಿ ಅಂದ ಹಾಗೆ. ಕ್ಯಾಲೆಂಡರ್ ನೋಡಿ ತೀರ್ಮಾನ ಮಾಡುವ ಬದಲು, ಪೆತ್, ಸಮಾಲೋಚನೆ, ಮನೆಯ ಬೆಂಬಲ ಎಲ್ಲ ನೋಡಿ ತೀರ್ಮಾನ ಮಾಡಲು ನಮ್ಮಲ್ಲೂ ಒಂದು ಕ್ರಮ ಬೇಕು. ಅದು ಖಾಸಗಿ ಆಸ್ಪತ್ರೆಯ ಹಣವಂತ ರೋಗಿಗೂ ಸರ್ಕಾರಿ ಆಸ್ಪತ್ರೆಯ ಬಿಪಿಎಲ್ ಕಾರ್ಡಿನವನಿಗೂ ಒಂದೇ ಇರಬೇಕು.

ಇಲ್ಲೂ ನನಗೆ ಹೆಂಡತಿಯರದ್ದೇ ಯೋಚನೆ. ನಮ್ಮ ದೇಶದಲ್ಲಿ ಲಿವರ್ ಕಸಿ ಹೆಚ್ಚಾಗಿ ನಡೆಯುವುದು ಬದುಕಿರುವವರು ಕೊಟ್ಟ ಲಿವರ್‌ನಿಂದ. ಕೊಡುವವರಲ್ಲಿ ಹೆಂಗಸರು ಜಾಸ್ತಿ, ಪಡೆಯುವವರಲ್ಲಿ ಗಂಡಸರು ಜಾಸ್ತಿ. ಹೆಂಡತಿ ತನ್ನ ಲಿವರ್‌ನ ಅರ್ಧಕ್ಕೂ ಹೆಚ್ಚು ಭಾಗ ಕೊಡಲು ಮುಂದೆ ಬಂದಿರುತ್ತಾಳೆ. ಅವಳಿಗೆ ಗಂಡ ನಿಜವಾಗಿ ಬಿಟ್ಟಿದ್ದಾನಾ ಅಂತ ತಿಳಿಯುವ ಹಕ್ಕಿಲ್ಲವಾ? ಗುಟ್ಟು ಕಾಪಾಡಬೇಕು ಅಂತ ಈಗಷ್ಟೇ ಬರೆದ ನಾನೇ ಇದನ್ನು ಕೇಳುತ್ತಿದ್ದೇನೆ, ಗೊತ್ತು. ಆದರೆ ಬದುಕಿರುವ ದಾನಿ ಇದ್ದಾಗ, ತನ್ನ ಪೆತ್ ಅಂಕೆಯನ್ನು ದಾನಿಗೆ ತಿಳಿಸಲು ರೋಗಿ ಮೊದಲೇ ಒಪ್ಪಿದ ಮೇಲೆ ಮಾತ್ರ ಮುಂದಿನ ಕೆಲಸ ಅಂತ ನಿಯಮ ಮಾಡಬಹುದು. ಕಸಿಯಾದ ಮೇಲೂ ಪರೀಕ್ಷೆ ಮುಂದುವರಿಯಬೇಕು. ಅವಳು ಕೊಟ್ಟಿದ್ದು ಅವಳ ದೇಹದ ಭಾಗ.

ಇದೆಲ್ಲ ನಮ್ಮಂಥ ಊರುಗಳಲ್ಲಿ ಆಗುತ್ತದಾ? ಪೆತ್ ಅಳೆಯಲು ಎಲ್‌ಸಿ-ಎಂಎಸ್ ಅನ್ನುವ ದೊಡ್ಡ ಯಂತ್ರ ಬೇಕು. ತಾಲೂಕು ಲ್ಯಾಬ್‌ನಲ್ಲಿ ಅದನ್ನು ಇಡಲು ಆಗುವುದಿಲ್ಲ, ಇಡಬೇಕಾಗಿಯೂ ಇಲ್ಲ. ಬೆರಳು ಚುಚ್ಚಿ ನಾಲ್ಕು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಬಿಟ್ಟು ಒಣಗಿಸಿ, ಕವರಿನಲ್ಲಿ ಕಳಿಸಿದರೂ ಪೆತ್ ಅಳೆಯಬಹುದು. ಈ ಕೆಲಸ ನಮ್ಮವರಿಗೆ ಹೊಸದಲ್ಲ. ಎಚ್‌ಐವಿ ಇರುವ ತಾಯಂದಿರ ಮಕ್ಕಳಿಗೆ ಪರೀಕ್ಷೆ ಮಾಡಲು ಐಸಿಟಿಸಿಗಳಿಂದ (ಸರ್ಕಾರದ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರಗಳಿಂದ) ಇದೇ ರೀತಿ ಒಣಗಿದ ರಕ್ತದ ಕಾಗದ ಕಳಿಸುವ ಪದ್ಧತಿ ವರ್ಷಗಳಿಂದ ಇದೆ. ಕಾಗದ ಗೊತ್ತು, ಕವರ್ ಗೊತ್ತು, ಗುಟ್ಟು ಕಾಪಾಡುವ ಕೋಡ್ ನಂಬರ್ ಗೊತ್ತು, ಕೌನ್ಸೆಲಿಂಗ್ ಗೊತ್ತು. ಬೆಂಗಳೂರಿನಲ್ಲಿ ಒಂದು ಸರ್ಕಾರಿ ಲ್ಯಾಬ್‌ಗೆ ಯಂತ್ರ ಮತ್ತು ಅದನ್ನು ನಡೆಸಬಲ್ಲ ಇಬ್ಬರು ಬೇಕು. ವಿಕ್ಟೋರಿಯಾ ಆವರಣದಲ್ಲಿ ನಮ್ಮದೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರ ಇದೆ. ಇವರಿಬ್ಬರನ್ನು ಒಂದು ಟೇಬಲ್ಲಿಗೆ ಕೂರಿಸುವುದು ನಿಮ್ಮ ಕೈಯಲ್ಲಿದೆ.

ಅಂಕೆ ಬಂದ ಮೇಲೆ ಏನು? ಇದಕ್ಕೆ ಉತ್ತರ ಇಲ್ಲದೆ ಯಂತ್ರ ತಂದರೆ ಸುಮ್ನೆ ದುಡ್ಡು ದಂಡ. ಲಿವರ್ ವೈದ್ಯರು ಒಂದು ಕಟ್ಟಡದಲ್ಲಿ, ಮನೋವೈದ್ಯರು ಇನ್ನೊಂದರಲ್ಲಿ. ಹೊಟ್ಟೆಯ ನೀರು ತೆಗೆಸಿಕೊಂಡವನನ್ನು "ಆ ಕಡೆ ಹೋಗಿ ತೋರಿಸು" ಅಂದರೆ ಅವನು ಗೇಟಿನ ಕಡೆ ಹೋಗುತ್ತಾನೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಬಂದು ನೋಡುವ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ. ಪೆತ್ ಮಾದರಿ ತೆಗೆಯುವುದನ್ನು ಅದೇ ದಿನಕ್ಕೆ ಸೇರಿಸಿದರೆ ಬಸ್ ಚಾರ್ಜ್ ಒಂದೇ ಸಲ, ಕೂಲಿ ತಪ್ಪುವುದೂ ಒಂದೇ ದಿನ. ಔಷಧಿಯ ವಿಷಯದಲ್ಲೂ ಇಬ್ಬರು ವೈದ್ಯರೂ ಕೂತು ಮಾತಾಡಬೇಕು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಲಿವರ್ ಕೆಟ್ಟವರಿಗೆ ಅಪಾಯ. ಬ್ಯಾಕ್ಲೋಫೆನ್ ಸಿರೋಸಿಸ್ ಇರುವವರಲ್ಲೂ ಪರೀಕ್ಷೆಗೊಳಗಾದ ಔಷಧಿ, ಅದನ್ನು ಎಚ್ಚರದಿಂದ ಕೊಡಬಹುದು. ಇದು ಗೊತ್ತಿಲ್ಲದೆ ಬರೆದ ಚೀಟಿಗಳು ನನ್ನ ಟೇಬಲ್ ಮೇಲೆ ಬರುತ್ತವೆ.

ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ನಿಮ್ಮ ಇಲಾಖೆಯಿಂದ ಬರಬಾರದು. ನಿಮ್ಮದೇ ಸರ್ಕಾರ 2025-26ರ ಬಜೆಟ್‌ನಲ್ಲಿ ಆಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟುಕೊಂಡಿತ್ತು. 2007ರಲ್ಲಿ ಸಾರಾಯಿ ನಿಂತಿತು, ಕುಡಿಯುವವರು ನಿಲ್ಲಲಿಲ್ಲ, ಸಾರಾಯಿ ಪಾಕೀಟಿನ ಜಾಗಕ್ಕೆ ಟೆಟ್ರಾ ಪ್ಯಾಕ್ ಬಂತು. ಆ ಪ್ಯಾಕ್‌ನ ತೆರಿಗೆ ಕೊಟ್ಟವರೇ ನಮ್ಮ ವಾರ್ಡಿನಲ್ಲಿ ಮಲಗಿರುವವರು. ಅದರಲ್ಲಿ ಒಂದು ಚೂರು ಅವರ ಲಿವರ್‌ಗೆ ವಾಪಸ್ ಬರಲಿ ಅಂತ ಕೇಳುವುದು ಭಿಕ್ಷೆ ಅಲ್ಲ.

ಇಡೀ ರಾಜ್ಯಕ್ಕೆ ಒಂದೇ ಸಲ ಬೇಡ. ನಾಲ್ಕು ಜಿಲ್ಲೆಗಳಲ್ಲಿ ಒಂದು ವರ್ಷ ಮಾಡಿ ನೋಡಿ. ಮಲೆನಾಡಿನದ್ದು ಒಂದು, ಕರಾವಳಿಯದ್ದು ಒಂದು, ಕಲ್ಯಾಣ ಕರ್ನಾಟಕದ್ದು ಒಂದು, ಹಳೇ ಮೈಸೂರು ಕಡೆಯದ್ದು ಒಂದು. ಪರೀಕ್ಷೆಯ ದರವನ್ನು ಆರೋಗ್ಯ ಕರ್ನಾಟಕದ ಪ್ಯಾಕೇಜಿಗೆ ಸೇರಿಸಿ. ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಸಿ, ಓದಲು ಬಾರದವರಿಗೆ ಓದಿ ಹೇಳುವುದು ನಮ್ಮಂಥವರ ಜವಾಬ್ದಾರಿ. ಒಪ್ಪದವರಿಗೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗಬಾರದು. ಪ್ರತಿ ಜಿಲ್ಲೆಯಲ್ಲಿ ಲಿವರ್ ರೋಗಿಗಳಿಗೆ ಅಂತಲೇ ಒಬ್ಬ ಸಮಾಲೋಚಕರನ್ನು ಕೊಡಿ, ಗುತ್ತಿಗೆಯಲ್ಲಿ ಬೇಡ. ಹನ್ನೊಂದು ತಿಂಗಳಿಗೆ ನವೀಕರಿಸಬೇಕಾದವರ ಹತ್ತಿರ ಯಾವ ರೋಗಿ ಮನಸ್ಸು ಬಿಚ್ಚುತ್ತಾನೆ?

ಇವೆಲ್ಲಕ್ಕೂ ಕಾಲ ಬೇಕು, ನನಗೆ ಗೊತ್ತು. ಆದರೆ ಒಂದು ಕೆಲಸಕ್ಕೆ ದುಡ್ಡೂ ಬೇಡ, ಯಂತ್ರವೂ ಬೇಡ, ಒಂದು ಸುತ್ತೋಲೆ ಸಾಕು. ರೋಗಿಯ ಎದುರಿಗೆ ಅವನ ಹೆಂಡತಿಯನ್ನು, ತಾಯಿಯನ್ನು, ಮಕ್ಕಳನ್ನು "ಇವನು ಕುಡಿಯುತ್ತಿದ್ದಾನಾ" ಅಂತ ಕೇಳಬಾರದು ಅಂತ ಎಲ್ಲ ಆಸ್ಪತ್ರೆಗಳಿಗೆ ಬರೆಯಿರಿ. ಕೇಳಲೇಬೇಕಾದರೆ ಬೇರೆ ಕೋಣೆಯಲ್ಲಿ, ಅವರೊಬ್ಬರನ್ನೇ ಕೂರಿಸಿ ಕೇಳಲಿ, ಅವರು ಹೇಳಿದ್ದು ರೋಗಿಯ ಕಿವಿಗೆ ಬೀಳದಿರಲಿ. ಈ ಸುತ್ತೋಲೆ ಇದೇ ತಿಂಗಳು ಹೊರಡಲಿ.

ಇಂತಿ,
ಸರ್ಕಾರಿ ಆಸ್ಪತ್ರೆಯ ಒಬ್ಬ ಆಪ್ತ ಸಮಾಲೋಚಕಿ

ಪ್ರತಿ: ಆಯುಕ್ತರು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಜೀವಸಾರ್ಥಕತೆ, ಎಲ್ಲ ಜಿಲ್ಲಾ ಶಸ್ತ್ರಚಿಕಿತ್ಸಕರು